ಆರು ದಾಟಿದ ನಾಯಿಗೆ ಮೊದಲ ಸಲ ಫಿಟ್ಸ್ ಬಂದರೆ

ಆರು ವರ್ಷ ದಾಟಿದ ನಾಯಿಗೆ ಮೊದಲ ಸಲ ಫಿಟ್ಸ್ ಬಂತೆಂದರೆ ಮೆದುಳಿನ ಗಡ್ಡೆಯನ್ನೂ ಅನುಮಾನಿಸಲೇಬೇಕು. ಬಾಕ್ಸರ್, ಫ್ರೆಂಚ್ ಬುಲ್‌ಡಾಗ್, ಬೋಸ್ಟನ್ ಟೆರಿಯರ್ ಆದರೆ ಇನ್ನೂ ಬೇಗ; ಈ ಮೋಟು ಮೂತಿಯ ತಳಿಗಳಿಗೆ ಗ್ಲಯೋಮಾ, ಅಂದರೆ ಮೆದುಳಿನ ಒಳಗೇ ಹುಟ್ಟುವ ಗಡ್ಡೆಯ ಕಾಟ ಜಾಸ್ತಿ. ನಡಿಗೆ, ದೃಷ್ಟಿ ಎಲ್ಲ ಸರಿಯಿದೆ ಅಂತ ಸುಮ್ಮನಾಗಬೇಡಿ. ಮುಮ್ಮೆದುಳಿನ ತುದಿಯಲ್ಲಿ ಕೂತ ಗಡ್ಡೆ ಫಿಟ್ಸ್ ಬಿಟ್ಟರೆ ಬೇರೇನೂ ತೋರಿಸದೆ ಇರಬಹುದು.

ಗಡ್ಡೆ ಹುಡುಕಲು ತಲೆಯ ಎಂಆರ್‌ಐ ಸ್ಕ್ಯಾನ್ ಬೇಕು. ಸ್ಕ್ಯಾನಿಗೆ ಮುಂಚೆ ರಕ್ತದ ಸಕ್ಕರೆ, ಲಿವರ್, ಕಿಡ್ನಿ ನೋಡಿಸಿ. ಎದೆಯ ಎಕ್ಸ್‌ರೇ, ಹೊಟ್ಟೆಯ ಅಲ್ಟ್ರಾಸೌಂಡ್ ಕೂಡ ಬೇಕು, ಗುಲ್ಮದ ಹೆಮಾಂಜಿಯೋಸಾರ್ಕೋಮಾ ಅನ್ನುವ ಕ್ಯಾನ್ಸರ್ ಮೆದುಳಿಗೂ ಹರಡುತ್ತದೆ. ಸ್ಕ್ಯಾನ್ ಆಗುವಾಗ ನಾಯಿ ಅಲುಗಾಡಬಾರದು, ಹಾಗಾಗಿ ಪೂರ್ತಿ ಅರಿವಳಿಕೆ ಕೊಡಬೇಕು. ಆಗ ಉಸಿರು ಮಂದವಾಗಿ ಕಾರ್ಬನ್ ಡೈಆಕ್ಸೈಡ್ ಏರಿದರೆ ಮೆದುಳಿನ ರಕ್ತನಾಳ ಹಿಗ್ಗಿ ತಲೆಯೊಳಗಿನ ಒತ್ತಡವೂ ಏರುತ್ತದೆ. ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಇಲ್ಲದ ಕಡೆ ಇಂಥ ನಾಯಿಗೆ ಅರಿವಳಿಕೆ ಕೊಡಲೇಬಾರದು ಅನ್ನುವವನು ನಾನು.

ಎಂಆರ್‌ಐನಲ್ಲಿ ಟಿ1, ಟಿ2, ಫ್ಲೇರ್, ಟಿ2-ಸ್ಟಾರ್, ಡಿಫ್ಯೂಷನ್ ಅಂತ ಬೇರೆಬೇರೆ ಬಗೆಯ ಚಿತ್ರ ತೆಗೆದು, ಗಡ್ಡೆಯನ್ನು ಬೆಳಗಿಸಿ ತೋರಿಸುವ ಗ್ಯಾಡೊಲಿನಿಯಂ ಔಷಧ ಕೊಟ್ಟು ಮತ್ತೆ ಟಿ1 ತೆಗೆಯುತ್ತಾರೆ. ಡೋಸ್ ಕಿಲೋಗೆ 0.1 ಮಿಲಿಮೋಲ್, ಮಿಲಿಗೆ 0.5 ಮಿಲಿಮೋಲ್ ಇರುವ ಔಷಧವಾದರೆ 20 ಕಿಲೋ ನಾಯಿಗೆ 4 ಮಿಲಿ. ಚಿತ್ರ ಬಂದೊಡನೆ ಎಲ್ಲಿ ಬೆಳಗಿದೆ ಅಂತ ಹುಡುಕುವವರೇ ಹೆಚ್ಚು. ಅದಕ್ಕಿಂತ ಮೊದಲು ನೋಡಬೇಕಾದ್ದು, ಗಡ್ಡೆ ಮೆದುಳಿನ ಒಳಗೇ ಹುಟ್ಟಿದೆಯೋ, ಹೊರಗಿನಿಂದ ಒತ್ತುತ್ತಿದೆಯೋ ಅನ್ನುವುದನ್ನು. ಹೊರಗೆ ಮೆದುಳಿನ ಪೊರೆಗೆ ಅಗಲವಾಗಿ ಅಂಟಿ, ಇಡೀ ಗಡ್ಡೆ ಒಂದೇ ಸಮ ಬೆಳಗಿ, ಪೊರೆಯುದ್ದಕ್ಕೂ ಸಣ್ಣ ಬಾಲ ಕಂಡರೆ ಬಹುಮಟ್ಟಿಗೆ ಮೆನಿಂಜಿಯೋಮಾ, ಅಂದರೆ ಪೊರೆಯ ಗಡ್ಡೆ. ಒಳಗಿದ್ದು, ಟಿ2ನಲ್ಲಿ ಬೆಳ್ಳಗಿದ್ದು, ಅಂಚು ಮಾತ್ರ ಉಂಗುರದ ಹಾಗೆ ಬೆಳಗಿದರೆ ಗ್ಲಯೋಮಾದ ಗುಮಾನಿ. ಕೆಳದರ್ಜೆಯ ಗ್ಲಯೋಮಾ ಬೆಳಗದೆಯೂ ಇರುತ್ತದೆ, ಎಡವುವುದು ಅಲ್ಲೇ.

ಇನ್ನೊಂದು ಮೋಸ ಫಿಟ್ಸ್‌ನದೇ. ಮೇಲಿಂದ ಮೇಲೆ ಫಿಟ್ಸ್ ಬಂದ ನಾಯಿಯಲ್ಲಿ ಮೆದುಳಿನ ಹಿಪೊಕ್ಯಾಂಪಸ್, ಪಿರಿಫಾರ್ಮ್ ಭಾಗಗಳು ಟಿ2, ಫ್ಲೇರ್‌ನಲ್ಲಿ ಬೆಳ್ಳಗಾಗುತ್ತವೆ. ಇದು ಊತ, ಎಷ್ಟೋ ಸಲ ತಾನೇ ಇಳಿಯುತ್ತದೆ. ಅನುಮಾನವಿದ್ದರೆ ಫಿಟ್ಸ್ ಹತೋಟಿಗೆ ತಂದು ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ. ಹೊಸ ಪಾರ್ಶ್ವವಾಯುವನ್ನು (ಸ್ಟ್ರೋಕ್) ಡಿಫ್ಯೂಷನ್ ಚಿತ್ರ ಬೇರ್ಪಡಿಸಿ ತೋರಿಸುತ್ತದೆ. ಮೆದುಳಿನ ಉರಿಯೂತ ಹಾಗಲ್ಲ, ಗಡ್ಡೆಯ ವೇಷದಲ್ಲೇ ಬರುತ್ತದೆ. ಸ್ಕ್ಯಾನಿಗೆ ಮುಂಚೆ ಸ್ಟೀರಾಯ್ಡ್ ಬಿದ್ದಿದ್ದರಂತೂ ಅದರ ಗುರುತೂ ಮಸುಕಾಗುತ್ತದೆ.

ಎಂಆರ್‌ಐಗಿಂತ ಸಿಟಿ ಸ್ಕ್ಯಾನ್ ಅಗ್ಗ, ಬೇಗ ಮುಗಿಯುತ್ತದೆ. ಆದರೆ ತಲೆಬುರುಡೆಯ ಹಿಂಬದಿಯ ದಪ್ಪ ಎಲುಬಿನಿಂದ ಚಿತ್ರದಲ್ಲಿ ಮೂಡುವ ಪಟ್ಟೆಗಳಲ್ಲಿ ಮೆದುಳಿನ ಕಾಂಡ ಮುಚ್ಚಿಹೋಗುತ್ತದೆ. ಬೆನ್ನುಹುರಿ ದ್ರವ ತೆಗೆಯುವುದಿದ್ದರೆ ಸ್ಕ್ಯಾನ್ ನೋಡಿದ ಮೇಲೆ ಮಾತ್ರ; ಒತ್ತಡ ಹೆಚ್ಚಿದ್ದಾಗ ಸೂಜಿ ಹಾಕಿದರೆ ಮೆದುಳು ಕೆಳಗೆ ಜಾರಿ ನಾಯಿ ಸತ್ತೇ ಹೋಗಬಹುದು.