ಹಳೇ ಕಾರಿನ ಮೀಟರ್ ಬೋರ್ಡ್: ಎರಡು ಮುಳ್ಳಿಗೂ ಒಂದೇ ಕಾಯಿಲೆ

ದೂರು ಇಷ್ಟು: ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಏರುತ್ತದೆ, ಜೊತೆಗೆ ಪೆಟ್ರೋಲ್ ಮುಳ್ಳೂ ಏರುತ್ತದೆ. ಲೈಟ್ ಆರಿಸಿದರೆ ಎರಡೂ ನಿಧಾನಕ್ಕೆ ಇಳಿಯುತ್ತವೆ. ಲೈಟ್ ಹಾಕಿದ್ದಕ್ಕೆ ಟ್ಯಾಂಕಿನಲ್ಲಿ ಪೆಟ್ರೋಲ್ ಹೆಚ್ಚುವುದಿಲ್ಲವಲ್ಲ. ಹಾಗಾಗಿ ಎಂಜಿನ್ ತಂಪಿಡುವ ಥರ್ಮೋಸ್ಟಾಟ್, ವಾಟರ್ ಪಂಪ್ ಬಿಚ್ಚುವ ಕೆಲಸಕ್ಕೆ ಹೋಗಿಲ್ಲ. ಎರಡು ಮುಳ್ಳು ಒಟ್ಟಿಗೆ ತಪ್ಪು ತೋರಿಸಿದರೆ, ಎರಡಕ್ಕೂ ಸೇರಿದ ಜಾಗವನ್ನೇ ಹಿಡಿಯಬೇಕು: ಗೇಜುಗಳಿಗೆ (ಮುಳ್ಳಿನ ಮೀಟರುಗಳಿಗೆ) ಒಂದೇ ಮಟ್ಟದ ವೋಲ್ಟೇಜ್ ಕೊಡುವ ಸ್ಟೆಬಿಲೈಸರ್, ಇಲ್ಲವೇ ಮೀಟರ್ ಬೋರ್ಡಿನ ಅರ್ಥ್, ಅಂದರೆ ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ವಾಪಸಾಗುವ ದಾರಿ.

ಬ್ಯಾಟರಿ ಎಂಜಿನ್ ನಿಂತಾಗ 12.6 ವೋಲ್ಟ್, ಓಡುವಾಗ 14.1. ಸ್ಟಾರ್ಟರ್ ತಿರುಗುವಾಗ ಬ್ಯಾಟರಿ ನೆಗೆಟಿವ್‌ಗೂ ಎಂಜಿನ್ ಬ್ಲಾಕಿಗೂ ನಡುವೆ 0.15 ವೋಲ್ಟ್. ಇಲ್ಲಿ ಏನೂ ತಕರಾರಿಲ್ಲ.

ತಕರಾರು ಸಿಕ್ಕಿದ್ದು ಮೀಟರ್ ಬೋರ್ಡಿನ ಹಿಂದೆ. ಮಲ್ಟಿಮೀಟರಿನ ಕಪ್ಪು ವೈರ್ ಬ್ಯಾಟರಿ ನೆಗೆಟಿವ್‌ಗೆ, ಕೆಂಪು ವೈರ್ ಬೋರ್ಡಿನ ಅರ್ಥ್ ಪಿನ್ನಿಗೆ. ಲೈಟ್ ಆರಿದ್ದಾಗ 0.1 ವೋಲ್ಟ್, ಹಾಕಿದಾಗ 0.9. ಬೋರ್ಡಿನೊಳಗಿನ 3 ವಾಟಿನ ನಾಲ್ಕು ಬಲ್ಬುಗಳು ಸುಮಾರು 1 ಆಂಪಿಯರ್ ಎಳೆಯುತ್ತವೆ. ಅಷ್ಟೂ ಕರೆಂಟ್ ಇದೇ ಅರ್ಥ್ ಮೂಲಕ ವಾಪಸಾಗಬೇಕು. ಸ್ಟೆಬಿಲೈಸರ್ ಕೊಡುವ 10 ವೋಲ್ಟ್ ಲೆಕ್ಕ ಅದರ ಸ್ವಂತ ಅರ್ಥ್‌ನಿಂದ. ಎಂಜಿನ್ ಬಿಸಿ, ಪೆಟ್ರೋಲ್ ಮಟ್ಟ ಅಳೆದು ಗೇಜಿಗೆ ತಿಳಿಸುವ ಸೆಂಡರುಗಳ ಅರ್ಥ್ ಎಂಜಿನ್ ಮತ್ತು ಬಾಡಿ. ಬೋರ್ಡಿನ ಅರ್ಥ್ 0.9 ಮೇಲೆದ್ದರೆ ಗೇಜುಗಳಿಗೆ 10ಕ್ಕಿಂತ ಹೆಚ್ಚು ವೋಲ್ಟ್ ಸಿಕ್ಕಂತಾಯಿತು, ಮುಳ್ಳು ಏರಿತು. ಇದನ್ನು ಓಮ್ಸ್‌ನಲ್ಲಿ ಅಳೆದರೆ ಒಂದು ಓಮಿಗಿಂತ ಕಡಿಮೆ ಬಂದು ‘ಸರಿ ಇದೆ’ ಅನ್ನಿಸುತ್ತದೆ. ಹಳೇ ಕಾರಿನ ಅರ್ಥ್ ಅಳೆಯುವುದಾದರೆ ಲೋಡ್ ಹಾಕಿ ವೋಲ್ಟೇಜ್ ನೋಡುವುದೇ ಸರಿಯಾದ ದಾರಿ.

ಬೋರ್ಡಿನಿಂದ ಬರುವ ಕಪ್ಪು ವೈರಿನ ರಿಂಗ್ ಟರ್ಮಿನಲ್ ಅನ್ನು ಬಣ್ಣ ಹೊಡೆದ ಲೋಹದ ಪಟ್ಟಿಯ ಮೇಲೇ ಬಿಗಿದಿದ್ದರು. ಟರ್ಮಿನಲ್ಲಿನ ಕುತ್ತಿಗೆಯಲ್ಲಿ ಹಸಿರು ಕಿಲುಬು, ಇನ್ಸುಲೇಷನ್ ಸುಲಿದರೆ ಒಳಗಿನ ತಾಮ್ರವೂ ಒಂದು ಬೆರಳುದ್ದ ಕಪ್ಪಾಗಿತ್ತು. ಬ್ಯಾಟರಿ ನೆಗೆಟಿವ್ ಕಳಚಿ, ಹೊಳೆಯುವ ತಾಮ್ರ ಸಿಗುವವರೆಗೆ ವೈರ್ ಕತ್ತರಿಸಿ, ಹೊಸ ಟರ್ಮಿನಲ್ ಕ್ರಿಂಪ್ ಮಾಡಿ, ಪಟ್ಟಿಯ ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದದ್ದಾಯಿತು. ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಈಗ ಲೈಟ್ ಹಾಕಿದರೂ 0.03 ವೋಲ್ಟ್. ಟೆಂಪರೇಚರ್ ಮುಳ್ಳು ಅಲ್ಲಾಡುವುದಿಲ್ಲ.

ಸ್ಟೆಬಿಲೈಸರ್ ಬದಲಾಯಿಸಿಲ್ಲ. ಇದು ಬೈಮೆಟಲ್ (ಬಿಸಿಯಾದರೆ ಬಾಗುವ ಜೋಡಿ ಲೋಹದ) ಪಟ್ಟಿಯದು, ತೆರೆದು ಮುಚ್ಚಿ ಸರಾಸರಿ 10 ವೋಲ್ಟ್ ಕೊಡುತ್ತದೆ. ಡಿಜಿಟಲ್ ಮೀಟರಿನಲ್ಲಿ ಅಂಕಿ ಸೊನ್ನೆಗೂ 12ಕ್ಕೂ ನಡುವೆ ಹಾರಾಡುವುದನ್ನು ನೋಡಿ ಚೆನ್ನಾಗಿರುವುದನ್ನೇ ಎಸೆಯುವವರಿದ್ದಾರೆ! ಅದರ ಔಟ್‌ಪುಟ್‌ಗೆ ಟೆಸ್ಟ್ ಲ್ಯಾಂಪ್ ಇಟ್ಟು ನೋಡಿ. ಒಂದೇ ಲಯದಲ್ಲಿ ಮಿನುಗಿದರೆ ಸಾಕು. ಮಿನುಗದೆ ಉರಿಯುತ್ತಲೇ ಇದ್ದರೆ ಒಳಗೆ ತೆರೆದು ಮುಚ್ಚುವ ಪಾಯಿಂಟ್ ಅಂಟಿಕೊಂಡಿದೆ, ಇಲ್ಲವೇ ಅದಕ್ಕೆ ಅರ್ಥ್ ಸಿಗುತ್ತಿಲ್ಲ. ಆಗ ಮುಳ್ಳುಗಳು ಹಗಲಲ್ಲೂ ಮೇಲೇ ಇರುತ್ತವೆ. ಅಂಟಿಕೊಂಡಿದ್ದರೆ 10 ವೋಲ್ಟ್ ಕೊಡುವ 7810 ರೆಗ್ಯುಲೇಟರ್ ಐಸಿ ಹಾಕಬಹುದು. ಅದರ ಲೋಹದ ಬೆನ್ನೇ ಅರ್ಥ್ ಆದ್ದರಿಂದ ನೇರ ಲೋಹಕ್ಕೆ ಸ್ಕ್ರೂ ಮಾಡಿದರಾಯಿತು.

ಪೆಟ್ರೋಲ್ ಗೇಜ್ ಪೂರ್ತಿ ಸರಿಹೋಗಿಲ್ಲ: ಟ್ಯಾಂಕ್ ತುಂಬಿದ್ದರೂ ಮುಳ್ಳು ಮುಕ್ಕಾಲಿಗೆ ನಿಲ್ಲುತ್ತದೆ. ಈ ಕಾರಿನಲ್ಲಿ ಟ್ಯಾಂಕ್ ತುಂಬಿದಾಗ ಸೆಂಡರ್ 19 ಓಮ್ ತೋರಿಸಬೇಕು. ಸೆಂಡರಿನ ಪ್ಲಗ್ ಕಳಚಿ ವೈರಿನಿಂದ ಬಾಡಿಗೆ ಅಷ್ಟೇ ಓಮಿನ ರೆಸಿಸ್ಟರ್ ಸೇರಿಸಿದಾಗ ಮುಳ್ಳು ಅರ್ಧ ನಿಮಿಷದಲ್ಲಿ ಫುಲ್ ಗೆರೆ ಮುಟ್ಟಿತು; ಗೇಜ್ ನಿರ್ದೋಷಿ. ಸೆಂಡರ್ ಪಿನ್ನಿನಿಂದ ಬಾಡಿಗೆ ಅಳೆದರೆ 36, ಅದರ ಲೋಹದ ಮುಚ್ಚಳಕ್ಕೆ ಅಳೆದರೆ 19. ಉಳಿದ 17 ಓಮ್ ಮುಚ್ಚಳಕ್ಕೂ ಬಾಡಿಗೂ ನಡುವಿನ ಅರ್ಥ್ ವೈರಿನದು. ಅದರ ಸ್ಕ್ರೂ ಡಿಕ್ಕಿಯ ತಳದಲ್ಲಿ ತುಕ್ಕು ಹಿಡಿದು ಕೂತಿದೆ, ತಿರುಗಿಸಿದರೆ ತಲೆ ಸವೆಯುತ್ತಿದೆ. ಪೆಟ್ರೋಲ್ ಆವಿ ಇರುವ ಜಾಗವಾದ್ದರಿಂದ ಡ್ರಿಲ್ ಹಚ್ಚುವಂತಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದೆ. ಬಿಡದಿದ್ದರೆ ಮುಚ್ಚಳದಿಂದ ಬೇರೆ ಬೋಲ್ಟಿಗೆ 1.5 ಚದರ ಮಿಲಿಮೀಟರ್ ವೈರ್ ಎಳೆಯುವುದು.