ಛತ್ರಿ ರಿಪೇರಿ ತಾತ ಹೇಳದ ಮಾತು

ಜುಲೈ 1, 2025, ಮಂಗಳವಾರ
ರಾತ್ರಿ 10.40

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಮೂರು ದಿನದ ಹಿಂದೆ ಒಗೆದ ಬಟ್ಟೆ ಹಾಸ್ಟೆಲ್‌ನಲ್ಲಿ ಇನ್ನೂ ಒಣಗಿಲ್ಲ. ಮುಗ್ಗಲು ವಾಸನೆಯ ಚೂಡಿದಾರ ಹಾಕಿಕೊಂಡೇ ಕ್ಲಾಸಿಗೆ ಹೋದೆ.

ನಾನು ಓದುತ್ತಿರುವುದು ಎಂಎ ಕನ್ನಡ. ಓಪನ್ ಎಲೆಕ್ಟಿವ್ ಅಂತ ಪತ್ರಿಕೋದ್ಯಮ ತಗೊಂಡಿದ್ದೇನೆ. ಆಸೆಯಿಂದೇನೂ ಅಲ್ಲ, ಅಲ್ಲಿ ಸೀಟು ಖಾಲಿ ಇತ್ತು. ಕನ್ನಡ ವಿಭಾಗ ಮೇಲಿನ ಮಹಡಿಯಲ್ಲಿ, ಪತ್ರಿಕೋದ್ಯಮ ಕೆಳಗೆ. ಮೇಲೆ ಒಂದು ಪದ್ಯ ಬಿಡಿಸುವಷ್ಟರಲ್ಲಿ ಪೀರಿಯಡ್ಡೇ ಮುಗಿಯುತ್ತದೆ. ಕೆಳಗೆ ಇಪ್ಪತ್ತು ನಿಮಿಷಕ್ಕೆ ಒಂದು ಸುದ್ದಿ ಬರೆದು ಕೊಡಬೇಕು.

ಇವತ್ತು ಪತ್ರಿಕಾ ದಿನ ಬೇರೆ. 1843ರಲ್ಲಿ ಇದೇ ದಿನ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂತು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕ. ಹದಿನೈದು ದಿನಕ್ಕೊಂದು ಸಂಚಿಕೆ, ಅದೂ ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಅಕ್ಷರ ಮೂಡಿಸಿ ಅದರಿಂದ ಅಚ್ಚೊತ್ತುವುದು. ಮರುವರ್ಷ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದು. ಆಮೇಲೆ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಹೀಗೇ ಕಲ್ಲಚ್ಚಿನಲ್ಲಿ ಹೊರತಂದದ್ದೂ ಇದೇ ಮನುಷ್ಯ. ಕನ್ನಡದ ಕೆಲಸಕ್ಕೆಂದು 1858ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವನಿಗೆ ಡಾಕ್ಟರೇಟ್ ಕೊಟ್ಟಿತು. ಮೇಲಿನ ಮಹಡಿಯಲ್ಲಿ ಇದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಆ ದಿನ ನಾನು ಕ್ಯಾಂಟೀನಿನಲ್ಲಿ ಇದ್ದೆನೋ ಏನೋ.

ಪತ್ರಿಕಾ ದಿನದ ಕಾರ್ಯಕ್ರಮ ಮುಗಿದ ಮೇಲೆ ಪತ್ರಿಕೋದ್ಯಮದ ಮೇಡಂ ನಮ್ಮ ವರದಿಗಳನ್ನು ವಾಪಸ್ ಕೊಟ್ಟರು. ನಾನು ಬಸ್ ಸ್ಟ್ಯಾಂಡಿನ ಹತ್ತಿರ ಕೂರುವ ಛತ್ರಿ ರಿಪೇರಿ ತಾತನ ಬಗ್ಗೆ ಬರೆದಿದ್ದೆ. ಒಂದು ಸಾಲಿನ ಕೆಳಗೆ ಕೆಂಪು ಗೆರೆ.

"ಆಧುನಿಕತೆಯ ಭರಾಟೆಯಲ್ಲಿ ನಮ್ಮ ಕುಲಕಸುಬು ನಶಿಸುತ್ತಿದೆ ಎಂದು ಅವರು ಕಳವಳ ವ್ಯಕ್ತಪಡಿಸಿದರು."

"ಅವರು ಹೀಗೇ ಹೇಳಿದ್ರಾ?" ಅಂದರು ಮೇಡಂ.

ಇಲ್ಲ. ನೋಟ್‌ಬುಕ್ಕಿನಲ್ಲಿ ಇದ್ದದ್ದು ಇಷ್ಟೇ: "ಈಗೆಲ್ಲ ಮುರಿದ್ರೆ ಬಿಸಾಕ್ತಾರೆ. ನನ್ ಹತ್ರ ಬರೋದು ಹಳೇ ಛತ್ರಿ, ಹಳೇ ಜನ." ಕುಲಕಸುಬೂ ಅಲ್ಲ. ಪಕ್ಕದ ಮನೆಯವರನ್ನು ನೋಡಿ ಕಲಿತದ್ದು ಅಂತ ಅವರೇ ಹೇಳಿದ್ದರು. ಅದನ್ನು ಬಿಟ್ಟು, ದಿನಾ ಪೇಪರಿನಲ್ಲಿ ಓದುವ ಮಾತನ್ನು ತಂದು ಅವರ ಬಾಯಿಗೆ ತುರುಕಿದ್ದೆ. ಯಾರ ಬಾಯಿಗಾದರೂ ಹೊಂದುವ ಮಾತು, ರೈತನಿಗೂ ಸರಿ, ನೇಕಾರನಿಗೂ ಸರಿ.

ಮಧ್ಯಾಹ್ನ ಮೇಲಿನ ಮಹಡಿಯಲ್ಲಿ ಕವಿರಾಜಮಾರ್ಗ. ಒಂಬತ್ತನೇ ಶತಮಾನದ್ದು. "ಕುರಿತೋದದೆಯುಂ" ಎಲ್ಲರಿಗೂ ಬಾಯಿಪಾಠ, ರಾಜ್ಯೋತ್ಸವದ ಭಾಷಣಕಾರರ ಕೃಪೆ. ಅದರ ಹಿಂದಿನ ಸಾಲನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ.

"ಪದನರಿದು ನುಡಿಯಲುಂ ನುಡಿದುದನರಿದಾರಯಲುಂ..."

ಸರ್ ಬೋರ್ಡಿನ ಮೇಲೆ ಬಿಡಿಸಿದರು: ನುಡಿದುದನ್, ಅರಿದು, ಆರಯಲುಂ. ಇನ್ನೊಬ್ಬರು ಆಡಿದ್ದನ್ನು ತಿಳಿದುಕೊಂಡು ವಿಚಾರಿಸಿ ನೋಡುವುದು. ಈ ನಾಡಿನವರಿಗೆ ಅದು ಬರುತ್ತದಂತೆ. ನನ್ನ ಬ್ಯಾಗಿನಲ್ಲಿ ಕೆಂಪು ಗೆರೆಯ ಹಾಳೆ ಇತ್ತು. 'ಆರಯ್'ನಿಂದಲೇ 'ಆರೈಕೆ' ಬಂದಿದೆ ಅಂತಲೂ ಸರ್ ಹೇಳಿದರು. ಬಾಣಂತಿ ಆರೈಕೆ ಅಂತೀವಲ್ಲ, ಅದೇ. ಆಮೇಲೆ ಛಂದಸ್ಸಿಗೆ ಹೋದರು, ನನಗೆ ತಲೆಗೆ ಹತ್ತಲಿಲ್ಲ.

ಸಂಜೆ ಐದಕ್ಕೆ ನನ್ನ ಛತ್ರಿ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಒಂದು ಕಡ್ಡಿ ಮೊದಲೇ ಮುರಿದಿತ್ತು, ಒಳ್ಳೇ ನೆಪ. ತಾತ ಅದನ್ನು ತೊಡೆಯ ಮೇಲೆ ಅಗಲಿಸಿ, ಸಣ್ಣ ತಂತಿ ಸುತ್ತಿ, ಇಕ್ಕಳದಿಂದ ಒತ್ತಿದರು. ಮೂವತ್ತು ರೂಪಾಯಿ. ಬರೆದದ್ದನ್ನು ಓದಿ ಹೇಳಿದೆ, ಈ ಸಲ ಅವರ ಮಾತಿನಲ್ಲೇ. 'ಕಳವಳ'ದ ಸಾಲನ್ನು ಓದಲು ಧೈರ್ಯ ಬರಲಿಲ್ಲ.

"ನನ್ ಹೆಸರೂ ಬರುತ್ತಾ?"

"ಬರುತ್ತೆ ತಾತ."

"ಹಂಗಾದ್ರೆ ಸಂಜೆ ನಾಲ್ಕರಿಂದ ಏಳು ಅಂತ ಟೈಮೂ ಹಾಕಮ್ಮ. ಬೆಳಿಗ್ಗೆ ಬಂದು ವಾಪಸ್ ಹೋಗ್ತಾರೆ ಜನ."