ರೋಮಿಯೋ-ಜೂಲಿಯೆಟ್: ಹಣೆಬರಹದ ಪಾಲೆಷ್ಟು?

ಇಬ್ಬರ ಗ್ರಹಗತಿ ಸರಿಯಿಲ್ಲ, ಇಬ್ಬರೂ ಸಾಯುತ್ತಾರೆ ಎಂದು ಷೇಕ್ಸ್‌ಪಿಯರ್ ನಾಟಕದ ಮೊದಲ 14 ಸಾಲುಗಳಲ್ಲೇ ಹೇಳಿಬಿಡುತ್ತಾನೆ. ಅದನ್ನು ಕೇಳಿಸಿಕೊಂಡವರು ಮುಂದೆ ಆಗುವುದನ್ನೆಲ್ಲ ವಿಧಿಯ ತಲೆಗೆ ಕಟ್ಟುತ್ತಾರೆ. ಪತ್ರ ತಲುಪಲಿಲ್ಲ, ಪಾಪ, ಹಣೆಬರಹ! ಮನೆಯವರು ಗೊತ್ತುಮಾಡಿದ ಮದುವೆ ತಪ್ಪಿಸಿಕೊಳ್ಳಲು ಜೂಲಿಯೆಟ್ ಪಾದ್ರಿ ಕೊಟ್ಟ ಮದ್ದು ಕುಡಿದು ಸತ್ತಂತೆ ಮಲಗುತ್ತಾಳೆ, ನಿಜಕ್ಕೂ ಸತ್ತಿರುವುದಿಲ್ಲ ಎಂದು ರೋಮಿಯೋಗೆ ತಿಳಿಸಬೇಕಿದ್ದ ಪತ್ರ ಅದು. ಆದರೆ ಆ ಪತ್ರದ ಜಾಡನ್ನೇ ಹಿಡಿದು ಓದಿ ನೋಡಿ.

ರೋಮಿಯೋ ತನ್ನೂರು ವೆರೋನಾದಿಂದ ಗಡಿಪಾರಾದಾಗ ಪಾದ್ರಿ ಲಾರೆನ್ಸ್ ಅವನಿಗೊಂದು ಮಾತು ಕೊಡುತ್ತಾನೆ: ನೀನು ಮ್ಯಾಂಟುವಾದಲ್ಲಿರು, ಇಲ್ಲಿನ ಸುದ್ದಿಯನ್ನು ನಿನ್ನ ಆಳಿನ ಕೈಲೇ ಕಳಿಸುತ್ತಿರುತ್ತೇನೆ. ಇದು 3ನೇ ಅಂಕದ ಮಾತು. 4ನೇ ಅಂಕದಲ್ಲಿ ಜೂಲಿಯೆಟ್ ಎದುರು ಅವನೇ ಹೇಳುವುದು ಬೇರೆ: ನಮ್ಮ ಪಂಥದ ಸನ್ಯಾಸಿಯೊಬ್ಬನ ಕೈಲಿ ಪತ್ರ ಕಳಿಸುತ್ತೇನೆ. ಯಾಕೆ ಬದಲಾಯಿಸಿದ? ನಾಟಕದಲ್ಲಿ ಕಾರಣವಿಲ್ಲ. ನನ್ನ ಪ್ರಕಾರ ದುರಂತದ ಕೀಲು ಇರುವುದು ಇಲ್ಲೇ.

ಆ ಸನ್ಯಾಸಿ, ಜಾನ್, ದಾರಿಗೆ ಜೊತೆಯಾಗಲೆಂದು ಇನ್ನೊಬ್ಬ ಸನ್ಯಾಸಿಯನ್ನು ಹುಡುಕಿಕೊಂಡು ಹೋದ. ಅವನು ರೋಗಿಗಳನ್ನು ನೋಡಲು ಹೋಗಿದ್ದ. ಪ್ಲೇಗಿನ ಗುಮಾನಿಯಿಂದ ಊರಿನ ತಪಾಸಣೆಯವರು ಬಂದು ಅವರಿಬ್ಬರಿದ್ದ ಮನೆಯ ಬಾಗಿಲಿಗೆ ಮುದ್ರೆ ಹಾಕಿದರು. ಜಾನ್ ವೆರೋನಾ ದಾಟಲೇ ಇಲ್ಲ. ಪತ್ರವನ್ನು ಹಿಂದಕ್ಕೆ ಕಳಿಸೋಣವೆಂದರೆ ಸೋಂಕಿನ ಹೆದರಿಕೆಗೆ ಒಯ್ಯುವವರೂ ಸಿಗಲಿಲ್ಲ. ಇದು ವಿಧಿಯೇ, ಒಪ್ಪಿದೆ. ಆದರೆ ರೋಮಿಯೋನ ಆಳು ಬಾಲ್ತಸರ್? ಜೂಲಿಯೆಟ್‌ಳನ್ನು ಸಮಾಧಿಯಲ್ಲಿಟ್ಟದ್ದನ್ನು ನೋಡಿದವನೇ ಕುದುರೆ ಏರಿ ಯಾವ ಅಡ್ಡಿಯೂ ಇಲ್ಲದೆ ಮ್ಯಾಂಟುವಾ ತಲುಪಿದ. ಮೊದಲು ಹೇಳಿದಂತೆ ಪಾದ್ರಿ ಅವನನ್ನು ಕರೆದು ಪತ್ರ ಕೊಟ್ಟಿದ್ದರೆ ಅದೇ ಕುದುರೆಯ ಮೇಲೆ ನಿಜವೂ ಹೋಗುತ್ತಿತ್ತು.

ಇನ್ನು ಗಡಿಯಾರದ ಲೆಕ್ಕ. ಮದ್ದಿನ ಅಮಲು 42 ಗಂಟೆ. ಮನೆಯವರು ಗೊತ್ತುಮಾಡಿದ ವರ ಪ್ಯಾರಿಸ್ ಜೊತೆ ಮದುವೆ ಗುರುವಾರ, ಹಾಗಾಗಿ ಬುಧವಾರ ರಾತ್ರಿ ಕುಡಿಯಬೇಕು ಅಂತ ಮಾತು. ಮಂಗಳವಾರ ಮಗಳು ಮನೆಗೆ ಬಂದು ತಲೆಬಾಗಿದ್ದೇ ತಡ, ಅಪ್ಪ ಹಿಗ್ಗಿ, ಮದುವೆ ನಾಳೆಯೇ ಆಗಲಿ ಅಂದುಬಿಟ್ಟ. ಗುರುವಾರವೇ ಆಗಲಿ, ಸಮಯ ಸಾಕಷ್ಟಿದೆ ಎಂದ ತಾಯಿಯ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಜೂಲಿಯೆಟ್ ಮದ್ದನ್ನು ಆ ರಾತ್ರಿಯೇ ಕುಡಿಯಬೇಕಾಯಿತು. ಪತ್ರಕ್ಕಿದ್ದ ಸಮಯದಲ್ಲಿ ಒಂದು ಇಡೀ ದಿನ ಅಲ್ಲೇ ಹೋಯಿತು. ಅದನ್ನು ಕಿತ್ತುಕೊಂಡದ್ದು ಯಾವ ನಕ್ಷತ್ರವೂ ಅಲ್ಲ.

ರೋಮಿಯೋನ ವಿಷಯದಲ್ಲಿ ನನಗೆ ಸಂಕಟ ಹೆಚ್ಚು. ಪಾದ್ರಿಯ ಪತ್ರ ಬಂದಿಲ್ಲವೇ ಎಂದು ಎರಡು ಸಲ ಕೇಳುತ್ತಾನೆ. ಅಂದರೆ ಬರಬೇಕೆಂಬುದು ಅವನಿಗೆ ಗೊತ್ತು. ಸ್ವಲ್ಪ ತಾಳಿ ಎಂದು ಬಾಲ್ತಸರ್ ಬೇಡಿಕೊಳ್ಳುತ್ತಾನೆ. ತಾಳುವುದಿಲ್ಲ. ಮಾರಿದರೆ ಮರಣದಂಡನೆ ಎಂಬ ಕಾನೂನಿದ್ದರೂ ಬಡ ಔಷಧಿಯವನಿಗೆ 40 ಡ್ಯುಕಟ್ ನಾಣ್ಯ ಕೊಟ್ಟು ವಿಷ ಕೊಳ್ಳುತ್ತಾನೆ.

ಸಮಾಧಿಯೊಳಗೆ, ಪಂಜಿನ ಬೆಳಕಲ್ಲಿ ಅವಳ ಮುಖ ನೋಡುತ್ತಾನೆ. ತುಟಿ ಇನ್ನೂ ಕೆಂಪಗಿದೆ, ಕೆನ್ನೆಯೂ ಕೆಂಪಗಿದೆ. ಅದನ್ನು ಬಾಯಿಬಿಟ್ಟು ಹೇಳುತ್ತಾನೆ ಕೂಡ. ಆಮೇಲೆ ಕುಡಿಯುತ್ತಾನೆ.